ಆರು ಕೊಂಬಿನ ಡಬ್ಬಿ, ನಡುಮನೆಯ ತೊಗರಿ ಚೀಲ

ಮನೆಗೆ ವೈ-ಫೈ ಹಾಕಿಸಬೇಕೆಂದು ಬಂದವರು ನನ್ನನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಎಷ್ಟ ಕೊಂಬಿಂದು ತಗೋಬೇಕ್ರಿ?"

ರೂಟರ್ ಎಂಬ ಡಬ್ಬಿಯ ಬೆನ್ನ ಮೇಲೆ ಎದ್ದು ನಿಂತ ಆಂಟೆನಾಗಳಿಗೆ ನಮ್ಮ ಕಡೆ ಕೊಂಬು ಅಂತಲೇ ಹೆಸರು. ಎರಡು ಕೊಂಬಿನದು ಬಡವರ ಡಬ್ಬಿ, ನಾಲ್ಕು ಕೊಂಬಿನದು ಗೌಡರ ಡಬ್ಬಿ. ಆರು ಕೊಂಬಿನದನ್ನು ತಂದವನಂತೂ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿಯೇ ಚಹಾ ಕೊಡುತ್ತಾನೆ. ಎತ್ತಿನ ಸಂತೆಗೆ ಹೋದ ರೈತ ಕೊಂಬು ನೋಡಿದ ಮೇಲೆ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ರೈತ ಡಬ್ಬಿ ಕೊಳ್ಳುವಾಗ ಆ ಬುದ್ಧಿಯನ್ನು ಎಲ್ಲಿ ಬಿಟ್ಟು ಬರುತ್ತಾನೋ!

ನಾನು ಮೆಹಬೂಬ್‌ಸಾಬ್. ಊರವರ ಬಾಯಲ್ಲಿ ಮಾಬುಸಾಬ್. ಆಳಂದದವನು. ತಾಮ್ರದ ತಂತಿಯ ಕಾಲದಲ್ಲಿ ಟೆಲಿಫೋನ್ ಲೈನ್‌ಮನ್ ಆಗಿ ಸೇರಿ, ಗಾಜಿನ ಎಳೆಯ ಕಾಲದಲ್ಲಿ ನಿವೃತ್ತನಾದೆ. ಮೂವತ್ತೈದು ವರ್ಷ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕಂಬ ಹತ್ತಿ ಇಳಿದಿದ್ದೇನೆ. ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ನನ್ನ ಹೆಂಡತಿ ಜೈನಬ್ ಬಂದವರಿಗೆಲ್ಲ ಆಗಲೇ ಹೇಳಿದ್ದಾಳೆ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಫೋನು ಮಾಡಿ, "ಸಾಬ್ರ, ಯಾವ ಡಬ್ಬಿ ಛಲೋ?" ಎಂದು ಕೇಳುತ್ತಾರೆ. ಉತ್ತರವನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಹೊಸಬನಾಗಿದ್ದಾಗ ನಮ್ಮ ಮೇಲಿದ್ದ ಸಾಹೇಬರು ದೇಸಾಯರು. ಮಾತು ಕಡಿಮೆ, ಬೈಗುಳ ಜಾಸ್ತಿ. ಆದರೆ ಅವರ ಬೈಗುಳದಲ್ಲಿ ಇದ್ದಷ್ಟು ವಿದ್ಯೆ ಯಾವ ತರಬೇತಿಯಲ್ಲೂ ಇರಲಿಲ್ಲ. ಒಮ್ಮೆ ಯಾರದೋ ಮನೆಯಲ್ಲಿ ಚಹಾ ಕೊಡಲು ಬಂದಾಗ ನಾನು ಮರ್ಯಾದೆಗೆ ಬೇಡ ಅಂದೆ. ಹೊರಗೆ ಬಂದ ಮೇಲೆ ದೇಸಾಯರು ಹಿಡಿದುಕೊಂಡರು.

"ಚಾ ಬ್ಯಾಡಂತ ಯಾಕ ಅಂದಿ ಲೇ?"

"ಸುಮ್ಮನ ಅವರಿಗ್ಯಾಕ ತ್ರಾಸ ಅಂತ್ರಿ ಸಾಹೇಬ್ರ."

"ತ್ರಾಸ ಅವರಿಗಲ್ಲ, ನಿನಗ. ಚಾದ ಕಪ್ ಹಿಡಕೊಂಡ ಮನಿ ತುಂಬ ಅಡ್ಡಾಡು. ಚಾ ಕುಡಿಯೂ ಮನಶಾನ ಯಾರೂ ತಡಿಯಂಗಿಲ್ಲ. ಬಾಯಿ ಚಾದಾಗ ಇರಲಿ, ಕಣ್ಣ ಗ್ವಾಡಿ ಮ್ಯಾಲ ಇರಲಿ. ಮೊದಲ ಮನಿ ನೋಡು, ಆಮ್ಯಾಲ ಸಾಮಾನ ನೋಡು."

ಆಗ ಅದು ತಂತಿ ಎಳೆಯುವ ದಾರಿ ಹುಡುಕಲು ಹೇಳಿದ ಮಾತು. ಅಲೆ ಗಾಳಿಯಲ್ಲಿ ಹೋಗುವ ಕಾಲ ಬಂದ ಮೇಲೆ ಆ ಮಾತಿನ ಬೆಲೆ ಇಮ್ಮಡಿಯಾಯಿತು. ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ಕಲ್ಲು ಮಣ್ಣಿನದು. ಕಿಟಕಿಯ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಕಾಲು ಮಡಚಿ ಆರಾಮವಾಗಿ ಮಲಗಬಹುದು, ಅಷ್ಟು ದಪ್ಪ. ತಂತಿಯಾದರೆ ಗೋಡೆ ಸುತ್ತಿ ಹೋಗುತ್ತದೆ, ಅಲೆಗೆ ಆ ಬುದ್ಧಿ ಇಲ್ಲ. ಬಾಗಿಲು ಕಂಡರೆ ನುಗ್ಗುತ್ತದೆ, ಗೋಡೆ ಕಂಡರೆ ಅಲ್ಲೇ ಸುಸ್ತಾಗುತ್ತದೆ. ಉಕ್ಕಿನ ಕಪಾಟು, ಕನ್ನಡಿ, ನೀರಿನ ಟಾಕಿ, ಫ್ರಿಜ್ಜು ಎಲ್ಲವೂ ಅದಕ್ಕೆ ಅಡ್ಡಿ. ಡಬ್ಬಿಯಿಂದ ಎರಡು ಬಗೆಯ ಅಲೆ ಹೊರಡುತ್ತದೆ: ಒಂದು ನಿಧಾನ, ಆದರೆ ದೂರ ಹೋಗುತ್ತದೆ, ಇನ್ನೊಂದು ಬಲು ಚುರುಕು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಮುಗಿಯಿತು. ಕೊಂಬು ಎಷ್ಟೇ ಇರಲಿ, ಇದು ತಪ್ಪಿದ್ದಲ್ಲ.

ಗಾಣಗಾಪುರದ ಲಾಡ್ಜೊಂದರ ಮಾಲಕರು ಒಂದೇ ವಾರದಲ್ಲಿ ಐದು ಸಲ ದೂರು ಕೊಟ್ಟರು. ಡಬ್ಬಿ ಹೊಸದು, ತುಟ್ಟಿಯದು, ಆದರೂ ಒಂದು ಖೋಲಿಗೂ ವೈ-ಫೈ ಬರುತ್ತಿಲ್ಲ, ಯಾತ್ರಿಕರು ಜಗಳ ತೆಗೆಯುತ್ತಿದ್ದಾರೆ ಅಂತ. ನಾನು ಹೋಗಿ ಚಹಾ ಕುಡಿಯುತ್ತ ಎರಡು ಮಾಳಿಗೆ ಸುತ್ತಿದೆ. ಡಬ್ಬಿ ಎಲ್ಲೂ ಕಾಣಲಿಲ್ಲ.

"ಡಬ್ಬಿ ಎಲ್ಲದ ರೀ ಮಾಲಕರ?"

"ಭದ್ರ ಇಟ್ಟೇನ್ರಿ," ಎಂದು ಅವರು ಸೊಂಟದ ಕೀಲಿಗೊಂಚಲು ತೆಗೆದು ಗಲ್ಲಾದ ಹಿಂದಿನ ಕಬ್ಬಿಣದ ತಿಜೋರಿ ತೆರೆದರು. ಒಳಗೆ ಡಬ್ಬಿ ಹಸಿರು ದೀಪ ಮಿಟುಕಿಸುತ್ತ ಪಾಪ ಒಬ್ಬಂಟಿಯಾಗಿ ಕೂತಿತ್ತು. ವೈರು ತೂರಿಸಲು ತಿಜೋರಿಯ ಬೆನ್ನಿಗೆ ತೂತು ಕೊರೆಸಿದ್ದರು. "ದಿನಾ ನೂರಾರು ಮಂದಿ ಬರ್ತಾರ. ಎಲ್ಲರ ಕೈ ಒಂದ ನಮೂನಿ ಇರ್ತಾವೇನ್ರಿ? ಯಾವನರ ಎತಗೊಂಡ ಹೋದ್ರ?"

"ಮಾಲಕರ, ಒಂದ ಕೆಲಸ ಮಾಡ್ರಿ. ನೀವ ತಿಜೋರ್ಯಾಗ ಕುಂದರ್ರಿ, ನಾ ಬಾಗಲಾ ಹಾಕ್ತೇನಿ. ಒಳಗಿಂದ ನಿಮ್ಮ ಆಳಿಗಿ ಇನ್ನೊಂದ ಚಾ ಹೇಳ್ರಿ. ಅವಗ ಕೇಳಸ್ತದೇನ ನೋಡೋಣು."

ಅವರು ಹೊಟ್ಟೆ ಹಿಡಿದು ನಕ್ಕರು. ಡಬ್ಬಿ ಅಂದೇ ಮೆಟ್ಟಿಲ ಬಾಯಿಯ ಗೋಡೆಗೆ ಎತ್ತರದಲ್ಲಿ ಏರಿತು. ಚಹಾ ಕೂಡ ಬಂತು.

ಇಂಥ ಕಥೆ ಹೇಳಿ ಹೇಳಿ ನನಗೆ ಸ್ವಲ್ಪ ಸೊಕ್ಕು ಬಂದಿತ್ತು. ಸುತ್ತಲಿನ ಮೂರು ತಾಲೂಕಿನಲ್ಲಿ ಮಾಬುಸಾಬ್ ಹೇಳಿದ ಡಬ್ಬಿಯೇ ಡಬ್ಬಿ ಅಂತ ನಾನೇ ನಂಬಿಕೊಂಡಿದ್ದೆ. ಆ ಸೊಕ್ಕು ಇಳಿದದ್ದು ಮಣ್ಣೂರಿನಲ್ಲಿ, ನನ್ನ ಕೆಲಸದ ಕೊನೆಯ ವರ್ಷ.

ಭೀಮಾ ದಂಡೆಯ ಮಣ್ಣೂರಿನ ಶರಣಗೌಡರು ಎರಡು ಕೂರಿಗೆಯಷ್ಟು ಹೊಲ ಇದ್ದವರು, ತೊಗರಿ ಬೆಳೆಯುವವರು. ಹೆಂಡತಿ ನೀಲಮ್ಮ. ಒಬ್ಬಳೇ ಮಗಳು ಮಹಾದೇವಿ. ಮಹಾದೇವಿಗೆ ಹುಟ್ಟಿನಿಂದ ಕಿವಿ ಕೇಳಿಸದು. ದೂರದ ಊರಿನ ಕಿವುಡ ಮಕ್ಕಳ ಶಾಲೆಯಲ್ಲಿದ್ದು ಓದಿ ಬಂದವಳು. ಅವಳು ಮಾತಾಡುವುದು ಕೈಯಿಂದ. ಮನೆಯವರಿಗೂ ಬರುವುದು ಊಟ ನೀರಿನ ನಾಲ್ಕು ಸನ್ನೆ ಮಾತ್ರ, ಅದಕ್ಕೇ ಅವರೊಂದಿಗೂ ನಮ್ಮಂಥವರೊಂದಿಗೂ ನೋಟುಬುಕ್ಕಿನಲ್ಲಿ ಬರೆದು ತೋರಿಸುತ್ತಾಳೆ, ಅಕ್ಷರ ಮುತ್ತಿನಂಥವು. ಅವಳು ಕಲಿತ ಶಾಲೆಯೇ ಅವಳಿಗೊಂದು ಕೆಲಸ ಕೊಟ್ಟಿತ್ತು. ನಮ್ಮ ಮೂರು ತಾಲೂಕುಗಳ ಹಳ್ಳಿಗಳಲ್ಲಿ ನಾಲ್ಕೈದು ವರ್ಷದ ಕಿವುಡ ಮಕ್ಕಳು ಎಂಟು ಜನ ಇದ್ದರು. ಶಾಲೆಯಲ್ಲಿ ಉಳಿಯುವ ವಯಸ್ಸಲ್ಲ. ಆ ಮಕ್ಕಳಿಗೆ, ಜೊತೆಗೆ ಕೂರುವ ಅವರ ತಾಯಂದಿರಿಗೆ, ಮಹಾದೇವಿ ದಿನಾ ಮನೆಯಿಂದಲೇ ವಿಡಿಯೋದಲ್ಲಿ ಸನ್ನೆ ಭಾಷೆ ಕಲಿಸಬೇಕು. ಒಂದು ವರ್ಷ ಸರಿಯಾಗಿ ನಡೆಸಿದರೆ ಕಾಯಂ ಟೀಚರ್. ಇಲ್ಲದಿದ್ದರೆ ಪಾಠ ಪೇಟೆಯಲ್ಲಿರುವ ಬೇರೆಯವರಿಗೆ.

ನಾನು ಮೊದಲ ಸಲ ಹೋದದ್ದು ಮುಂಗಾರು ಬಿತ್ತನೆಯ ಹೊತ್ತಿಗೆ. ಮನೆ ಉದ್ದಕ್ಕೆ ಇತ್ತು: ಮುಂದೆ ಪಡಸಾಲೆ, ಆಮೇಲೆ ದೊಡ್ಡ ನಡುಮನೆ, ಹಿಂದೆ ಹಿತ್ತಲಿಗೆ ತೆರೆದ ಮಹಾದೇವಿಯ ಕೋಣೆ. ಫೈಬರ್ ಬಂದು ಇಳಿಯುವುದು ಪಡಸಾಲೆಗೆ. ಚಹಾದ ಕಪ್ ಹಿಡಿದು ಅಡ್ಡಾಡಿದೆ. ನಡುಮನೆ ಖಾಲಿ ಹೊಡೆಯುತ್ತಿತ್ತು, ಮೂರೂ ಬಾಗಿಲು ಒಂದೇ ಸಾಲಿನಲ್ಲಿದ್ದವು. ಅಲೆ ನೇರ ಓಡುತ್ತದೆ, ಇದಕ್ಕಿಂತ ಸುಲಭದ ಮನೆ ಉಂಟೇ ಅಂದುಕೊಂಡೆ. ಕೊಂಬು ಎಣಿಸುವವರನ್ನು ನೋಡಿ ನಗುತ್ತಿದ್ದ ನಾನೇ ಗೌಡರಿಗೆ ಆರು ಕೊಂಬಿನ ಡಬ್ಬಿ ಆರಿಸಿ ಕೊಟ್ಟೆ. ಶಾಸ್ತ್ರ ಹೇಳಿ ಬದನೆಕಾಯಿ ತಿಂದ ಹಾಗೆ.

ಡಬ್ಬಿ ಗೋಡೆಗೆ ಕೂರಿಸುತ್ತಿರುವಾಗ ಮಹಾದೇವಿ ನೋಟುಬುಕ್ಕು ತಂದು ಹಿಡಿದಳು: "ಕಾಕಾ, ನನ್ನ ಕೋಣೆಗೆ ಒಂದು ವೈರ್ ಎಳೆಯಬಹುದೇ?"

ನಾನು ಜೋರಾಗಿ ನಕ್ಕೆ. ವೈರು ಎಳೆದೂ ಎಳೆದೂ ನನ್ನ ಅಂಗೈಯಲ್ಲಿ ಗೆರೆಗಿಂತ ಗಾಯದ ಕಲೆ ಹೆಚ್ಚು. ವೈರು ಇಲ್ಲದ ಕಾಲ ಬಂತಲ್ಲ ಎಂದು ಖುಷಿಪಟ್ಟವನಿಗೆ ಈ ಹುಡುಗಿ ಮತ್ತೆ ವೈರು ಎಳಿ ಅನ್ನುತ್ತಾಳಲ್ಲ! ಅವಳ ಬುಕ್ಕಿನಲ್ಲೇ ಬರೆದೆ: "ವೈರ್ ಹಳೇ ಕಾಲದ್ದು. ಚಿಂತೆ ಬೇಡ." ಅವಳು ಇನ್ನೇನೋ ಬರೆಯಲು ಹೊರಟಳು, ನಾನು ಆಗಲೇ ಏಣಿ ಹತ್ತಿದ್ದೆ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಅವಳ ಕೋಣೆಯಲ್ಲಿ ನಿಂತು, ಆ ವೈ-ಫೈ ಮೇಲೆಯೇ ಆಳಂದದಲ್ಲಿದ್ದ ಜೈನಬ್‌ಗೆ ಕರೆ ಮಾಡಿದೆ. "ಹಲೋ, ಆವಾಜ್ ಆರಾ ಕ್ಯಾ?"

"ಆರಾ ಜೀ, ಸಾಫ್ ಆರಾ. ಆತೆ ವಖತ್ ಕೋತ್‌ಮೀರ್ ಲೇಕೋ ಆವ್," ಎಂದಳು. ಸ್ಪಷ್ಟ ಕೇಳಿಸುತ್ತಿದೆ, ಬರುವಾಗ ಕೊತ್ತಂಬರಿ ತನ್ನಿ ಅಂತ.

ಧ್ವನಿ ಗಂಟೆ ಹೊಡೆದ ಹಾಗೆ ಸ್ಪಷ್ಟ. ಮೂವತ್ತೈದು ವರ್ಷದಿಂದ ನಾನು ಲೈನು ಪರೀಕ್ಷಿಸಿದ್ದು ಹೀಗೆಯೇ, ಕಿವಿಗೊಟ್ಟು ಹಲೋ ಅಂದು. ಹೆಬ್ಬೆರಳು ಎತ್ತಿ ತೋರಿಸಿ ಹೊರಟೆ.

ಆರು ತಿಂಗಳು ಒಂದೂ ದೂರು ಬರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮಹಾದೇವಿಯ ಸಂದೇಶ ಬಂತು: "ಕಾಕಾ, ಚಿತ್ರ ನಿಂತು ನಿಂತು ಬರುತ್ತಿದೆ."

ನಮ್ಮ ವೃತ್ತಿಯ ದೊಡ್ಡ ಸೋಮಾರಿತನ ಯಾವುದೆಂದರೆ "ಆಫ್ ಮಾಡಿ ಆನ್ ಮಾಡು" ಅನ್ನುವುದು. ನಾನೂ ಅದನ್ನೇ ಬರೆದೆ. "ನಿನ್ನೆಯಿಂದ ಇಪ್ಪತ್ತು ಸಲ ಮಾಡಿದೆ" ಅಂತ ಉತ್ತರ ಬಂತು. ಎದ್ದು ಹೋದೆ.

ಪಡಸಾಲೆ ದಾಟಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ನಡುಮನೆ ಇರಲಿಲ್ಲ! ಅಂದರೆ ನೆಲದಿಂದ ಮಾಳಿಗೆಯ ತೊಲೆಯವರೆಗೆ ತೊಗರಿ ಚೀಲ, ಚೀಲದ ಮೇಲೆ ಚೀಲ. ಮಧ್ಯೆ ಒಬ್ಬರು ಅಡ್ಡಡ್ಡ ನಡೆದು ಹೋಗುವಷ್ಟು ಸಂದಿ, ಅದೂ ಸೊಟ್ಟ. ಒಂದು ಗೋಡೆ ಇದ್ದಲ್ಲಿ ಹತ್ತು ಗೋಡೆ ಎದ್ದಂತಾಗಿತ್ತು. ಶರಣಗೌಡರು ಚೀಲದ ಮೇಲೆ ಕೈ ಸವರುತ್ತ ಬಂದರು.

"ನೋಡ್ರಿ ಮಾಬುಸಾಬ್ರ! ಈ ಸಲ ಭೂಮ್ತಾಯಿ ಕೈ ಬಿಚ್ಚಿ ಕೊಟ್ಟಾಳ. ಹಿಂತಾ ರಾಶಿ ನಮ್ಮಪ್ಪನ ಕಾಲದಾಗೂ ಆಗಿದ್ದಿಲ್ಲ."

"ಭಾಳ ಖುಷಿ ಆತ್ರಿ ಗೌಡ್ರ. ಆದ್ರ ಇವು ಯಾವಾಗ ಹೊರಗ ಹೋಗ್ತಾವ್ರಿ?"

"ಛಲೋ ದರ ಬರೂತನಾ ಅಳ್ಳಾಡ್ಸಂಗಿಲ್ಲ. ಯುಗಾದಿ ಆಗಬಹುದು, ಬಸವ ಜಯಂತಿನೂ ಆಗಬಹುದು."

"ಅಲ್ರಿ, ಚೀಲ ಇಲ್ಲಿ ಇಡ್ತೇವಂತ ಅವತ್ತ ಒಂದ ಮಾತ ಹೇಳಬಾರದೇನ್ರಿ?"

ಗೌಡರಿಗೆ ಆಶ್ಚರ್ಯವಾಯಿತು. "ನಡುಮನಿ ಇರೂದ ರಾಶಿ ಇಡಾಕಲ್ಲೇನ್ರಿ? ಇದನ್ನೂ ಹೇಳಬೇಕೇನು? ನೀವೂ ಈ ಕಡಿಯವರ ಅಲಾ?"

ತೊಗರಿಯ ನಾಡಿನಲ್ಲಿ ಹುಟ್ಟಿ, ತೊಗರಿ ಬೇಳೆ ಉಂಡು ಬೆಳೆದವನು ನಾನು. ರಾಶಿ ಮನೆಗೆ ಬಂದರೆ ನಡುಮನೆ ತುಂಬುತ್ತದೆ ಅನ್ನುವುದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ಬಿತ್ತನೆಯ ಹೊತ್ತಿನಲ್ಲಿ ಖಾಲಿ ಮನೆ ನೋಡಿ ಡಬ್ಬಿ ಆರಿಸಿದ್ದೆ. ಹುಡುಗರೇ, ಇದನ್ನು ಗಟ್ಟಿಯಾಗಿ ನೆನಪಿಡಿ. ಮನೆಯನ್ನು ಇಂದು ಇರುವ ಹಾಗೆ ನೋಡಬೇಡಿ, ರಾಶಿಯಾದ ಮೇಲೆ ಹೇಗಿರುತ್ತದೆ ಅಂತ ಕೇಳಿ. ಮದುವೆಗೆ ಹೊಸ ಕಪಾಟು ಬರುತ್ತದೆಯೇ, ಬೇಸಿಗೆಗೆ ಕೂಲರ್ ಎಲ್ಲಿ ನಿಲ್ಲುತ್ತದೆ, ಎಲ್ಲವನ್ನೂ ಕೇಳಿ.

ಮಹಾದೇವಿ ತನ್ನ ಫೋನು ನನ್ನ ಮುಂದೆ ಹಿಡಿದಳು. ಶಾಲೆಯ ಹೆಡ್‌ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ, ಬರೆದಿದ್ದರು: ಮಕ್ಕಳಿಗೆ ಪಾಠ ತಪ್ಪುತ್ತಿದೆ, ತಾಯಂದಿರು ಬೇಸರ ಮಾಡಿಕೊಂಡಿದ್ದಾರೆ, ಸೋಮವಾರದ ಪಾಠವನ್ನು ನಾನೇ ಕೂತು ನೋಡುತ್ತೇನೆ, ಅವತ್ತೂ ಹೀಗೇ ಆದರೆ ಪಾಠ ಬೇರೆಯವರಿಗೆ ಕೊಡಬೇಕಾಗುತ್ತದೆ. ಅಂದು ಗುರುವಾರ. ಸೋಮವಾರಕ್ಕೆ ಉಳಿದದ್ದು ಮೂರೇ ದಿನ.

ಆದರೂ ನನ್ನ ಸೊಕ್ಕು ಪೂರ್ತಿ ಇಳಿದಿರಲಿಲ್ಲ. ನನ್ನ ಸಾಮಾನಿನ ಚೀಲದಲ್ಲಿ ಒಂದು ರಿಪೀಟರ್ ಇತ್ತು, ಅಂದರೆ ದೊಡ್ಡ ಡಬ್ಬಿಯ ಮಾತು ಕೇಳಿಸಿಕೊಂಡು ಮುಂದಿನವರಿಗೆ ಹೇಳುವ ಸಣ್ಣ ಡಬ್ಬಿ. ಅದನ್ನು ನಡುಮನೆಯ ಸಂದಿಯಲ್ಲಿದ್ದ ಪ್ಲಗ್ಗಿಗೆ ಸಿಕ್ಕಿಸಿದೆ. ಮಹಾದೇವಿಯ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿ ಬಂದವು. ಮತ್ತೆ ಜೈನಬ್‌ಗೆ ಕರೆ. ಧ್ವನಿ ಸಾಫ್. ಮತ್ತೆ ಕೊತ್ತಂಬರಿ. ಹೆಬ್ಬೆರಳು ಎತ್ತಿ ತೋರಿಸಿ ಬಂದುಬಿಟ್ಟೆ.

ಮರುದಿನ ಮಧ್ಯಾಹ್ನ ನೀಲಮ್ಮನ ಫೋನು.

"ಸಾಬ್ರ, ಏನ್ ಮಾಡಿ ಹೋದ್ರಿ? ಹುಡುಗಿ ಉಣ್ಣದ ಕುಂತಾಳ."

"ಯಾಕ್ರಿ ಅಕ್ಕಾರ? ಕಡ್ಡಿ ಎಲ್ಲಾ ತುಂಬ್ಯಾವಲ್ರಿ!"

"ಕಡ್ಡಿ ತುಂಬಿದ್ರ ಹೊಟ್ಟಿ ತುಂಬ್ತದೇನ್ರಿ? ಮಕ್ಕಳು ಕೈ ಎತ್ತಿದವು ಎತ್ತಿದಂಗ ನಿಂತಾವ, ಗೊಂಬಿಗತೆ!"

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಆದರೆ ಅವರ ಮೇಲೆ ಬಂದಂತೆಯೇ ಕಾಣಿಸಿರಬೇಕು. ಲೈನ್ ನೆಟ್ಟಗಿದೆ, ನಾನು ಕಿವಿಯಾರೆ ಕೇಳಿದ್ದೇನೆ, ಶಾಲೆಯವರ ಕಡೆಯೇ ಏನೋ ತೊಂದರೆ ಇರಬೇಕು ಅಂತೆಲ್ಲ ಹೇಳಿ ಫೋನು ಇಟ್ಟೆ. ಆದರೂ ಶನಿವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ವಾದ ಕಟ್ಟಿಕೊಂಡೇ ಹೋದೆ.

ಮಹಾದೇವಿ ವಾದಕ್ಕೆ ಅವಕಾಶ ಕೊಡಲಿಲ್ಲ. ನನ್ನನ್ನು ತನ್ನ ಕೋಣೆಯ ಕುರ್ಚಿಯಲ್ಲಿ ಕೂರಿಸಿದಳು. ದೇವರ ಬತ್ತಿಗೆ ಇಟ್ಟಿದ್ದ ಹತ್ತಿ ತಂದು, ಎರಡು ಉಂಡೆ ಮಾಡಿ, ಒಂದೊಂದನ್ನು ನನ್ನ ಒಂದೊಂದು ಕಿವಿಗೆ ಇಟ್ಟುಕೊಳ್ಳಲು ಕೈ ಸನ್ನೆ ಮಾಡಿದಳು. ಬಾಗಿಲಲ್ಲಿ ನಿಂತ ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನು ಹತ್ತಿ ಇಟ್ಟುಕೊಂಡೆ. ಮಹಾದೇವಿ ಲ್ಯಾಪ್‌ಟಾಪಿನಲ್ಲಿ ತನ್ನ ಗೆಳತಿಗೆ ವಿಡಿಯೋ ಕರೆ ಮಾಡಿ, ನೋಡು ಅಂತ ಪರದೆ ತೋರಿಸಿದಳು.

ಗೆಳತಿಯ ಬಲಗೈ ಮೇಲೆದ್ದಿತು. ಅಲ್ಲೇ ನಿಂತಿತು. ಎರಡು ಸೆಕೆಂಡು, ಮೂರು ಸೆಕೆಂಡು. ಆಮೇಲೆ ಒಮ್ಮೆಲೆ ಕೈ ಕೆಳಗಿತ್ತು, ಮುಖ ನಗುತ್ತಿತ್ತು. ನಡುವೆ ಆ ಕೈ ಏನು ಹೇಳಿತು? ಗೊತ್ತಿಲ್ಲ. ಮತ್ತೆ ಕೈ ಎದ್ದಿತು, ಮತ್ತೆ ನಿಂತಿತು. ನನಗೂ ನಿಮಗೂ ಚಿತ್ರ ನಿಂತರೆ ಧ್ವನಿಯಾದರೂ ಬರುತ್ತದೆ, ಮಾತು ಮುಂದುವರಿಯುತ್ತದೆ. ಧ್ವನಿಗೆ ಬೇಕಾದದ್ದು ಬೊಗಸೆಯಷ್ಟು ನೀರು, ಚಿತ್ರಕ್ಕೆ ಕಾಲುವೆ ತುಂಬ ಬೇಕು. ಚೀಲಗಳ ನಡುವೆ ಸಿಕ್ಕ ಸಣ್ಣ ಡಬ್ಬಿಗೆ ಬರುತ್ತಿದ್ದುದೇ ಬೊಗಸೆಯಷ್ಟು, ಕಡ್ಡಿ ತೋರಿಸಿದ್ದು ಅದು ಹತ್ತಿರವಿದೆ ಅಂತ ಮಾತ್ರ. ಅವರಿಗೆ ಚಿತ್ರವೇ ಮಾತು. ನಾನು ಎರಡು ಸಲವೂ ಈ ಹುಡುಗಿಯ ಲೈನನ್ನು ನನ್ನ ಕಿವಿಯಿಂದ ಪರೀಕ್ಷಿಸಿ ಹೋಗಿದ್ದೆ!

ನಾಚಿಕೆಯಾಯಿತು ಎಂದು ಬರೆದರೆ ಕಡಿಮೆಯಾಗುತ್ತದೆ. ಹತ್ತಿ ತೆಗೆದು, ಅವಳ ನೋಟುಬುಕ್ಕಿನ ಹಿಂದಿನ ಹಾಳೆ ತಿರುವಿದೆ. ಅವಳು ಬರೆದ "ವೈರ್ ಎಳೆಯಬಹುದೇ?" ಅಲ್ಲೇ ಇತ್ತು, ಕೆಳಗೆ ನನ್ನ ಜಾಣತನವೂ ಇತ್ತು. ಅದನ್ನು ಹೊಡೆದು ಹಾಕಿ ಬರೆದೆ: "ಎಳೆಯೋಣ. ಇವತ್ತೇ."

ಅವಳು ತಕ್ಷಣ ಬರೆದಳು: "ಕರೆಂಟ್ ಹೋದರೆ?"

ಜೂನ್ ತಿಂಗಳ ಮಾಬುಸಾಬ್ ಆಗಿದ್ದರೆ ಬರುತ್ತದೆ ಬಿಡು ಅನ್ನುತ್ತಿದ್ದ. ಈ ಸಲ ಅಫಜಲಪುರದ ಅಂಗಡಿಗೆ ಹೋಗಿ ವೈರು, ಪ್ಲಾಸ್ಟಿಕ್ ಪೈಪಿನ ಜೊತೆ ಡಬ್ಬಿಗೆ ಹಾಕುವ ಸಣ್ಣ ಬ್ಯಾಟರಿ ಎರಡು ತಂದೆ. ಎರಡು ಯಾಕೆಂದರೆ ಪಡಸಾಲೆಯ ಡಬ್ಬಿ ಎಚ್ಚರವಿದ್ದು, ಅವಳ ಕೋಣೆಯಲ್ಲಿ ವೈರಿನ ತುದಿಗೆ ಹಾಕುವ ಇನ್ನೊಂದು ಡಬ್ಬಿ ಮಲಗಿದರೆ ಏನೂ ಪ್ರಯೋಜನವಿಲ್ಲ.

ನಡುಮನೆಯಲ್ಲಿ ವೈರಿಗೂ ದಾರಿ ಇರಲಿಲ್ಲ. ಪಡಸಾಲೆಯ ಬೆಳಕಿಂಡಿಯಿಂದ ಮೇಲೆ ತೆಗೆದು, ಮಾಳಿಗೆಯ ಮೇಲಿಂದ ಹಾಯಿಸಿ, ಹಿತ್ತಲ ಕಡೆ ಇಳಿಸಿ, ಮಹಾದೇವಿಯ ಕಿಟಕಿಯ ಚೌಕಟ್ಟಿನಲ್ಲಿ ಒಳಗೆ ತರಬೇಕು ಅಂತ ಲೆಕ್ಕ ಹಾಕಿದೆ. ಹೊಳೆ ದಂಡೆಯ ಮಂಗಗಳು ವೈರು ಕಡಿಯುತ್ತವೆ, ಅದಕ್ಕೇ ಪೈಪು. ಮಾಳಿಗೆ ಹತ್ತಿದರೆ ನೀಲಮ್ಮ ಕೆಂಪು ಮೆಣಸಿನಕಾಯಿ ಹಾಸಿದ್ದರು, ಕಾಲಿಡಲು ಜಾಗವಿಲ್ಲ.

"ಸಾಬ್ರ, ಮೆಣಸಿನಕಾಯಿ ತುಳದ್ರ ನೋಡ್ರಿ ಮತ್ತ!" ಕೆಳಗಿನಿಂದ ಕೂಗಿದರು.

"ತುಳಿಯಂಗಿಲ್ರಿ ಅಕ್ಕಾರ, ಸರಸಾಕತ್ತೇನಿ!"

ಸರಿಸಿದ ಅದೇ ಕೈಯಿಂದ ಹಣೆಯ ಬೆವರು ಒರೆಸಿಕೊಂಡೆ. ಯಾ ಅಲ್ಲಾ! ಎರಡೂ ಕಣ್ಣಲ್ಲಿ ಧಾರಾಕಾರ. ಪೈಪು ಹಿಡಿಯಲು ಮೇಲೆ ಬಂದ ಶರಣಗೌಡರು ನನ್ನನ್ನು ನೋಡಿ ಗಾಬರಿಯಾದರು.

"ಅಳಬ್ಯಾಡ್ರಿ ಸಾಬ್ರ, ತಪ್ಪ ಎಲ್ಲಾರ ಕಡಿಂದೂ ಆಗ್ತಾವ."

"ಅಳವಲ್ಲೆ ಗೌಡ್ರ, ನಿಮ್ಮ ಮೆಣಸಿನಕಾಯಿ ಬಾಳ ಜೋರ ಅದಾವ. ನೀರ ತರ್ರಿ ಮೊದಲ!"

ಹಳೆಯ ಕೈ ಹಳೆಯ ಕೆಲಸವನ್ನು ಮರೆತಿರಲಿಲ್ಲ. ಬೆಳಕಿಂಡಿಯಲ್ಲಿ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ದಾರದ ತುದಿಗೆ ವೈರು ಬಿಗಿದು, ಮೇಲಕ್ಕೆ ಸೇದಿದಾಗ ನನಗೆ ಇಪ್ಪತ್ತೈದು ವರ್ಷ ಕಡಿಮೆಯಾದಂತೆ ಅನಿಸಿತು. ನಿಜ ಹೇಳುತ್ತೇನೆ, ಅಷ್ಟು ಖುಷಿಯಾಗಿ ನಾನು ಎಷ್ಟೋ ವರ್ಷದಿಂದ ಕೆಲಸ ಮಾಡಿರಲಿಲ್ಲ. ಮಹಾದೇವಿಯ ಕೋಣೆಯಲ್ಲಿ ವೈರಿನ ತುದಿಗೆ ಹಾಕಿದ್ದು ನನ್ನ ಚೀಲದ ತಳದಲ್ಲಿ ಬಿದ್ದಿದ್ದ ಎರಡು ಕೊಂಬಿನ ಬಡವರ ಡಬ್ಬಿ. ಗೌಡರಿಗೆ ನಂಬಿಕೆ ಬರಲಿಲ್ಲ.

"ಆರ ಕೊಂಬಿಂದು ಆಗಲಾರದ್ದು ಎರಡ ಕೊಂಬಿಂದು ಮಾಡ್ತದೇನ್ರಿ?"

"ಆರ ಕೊಂಬಿಂದು ಪಡಸಾಲ್ಯಾಗ ನಿಂತ ಚೀರತಿತ್ತು ಗೌಡ್ರ. ಇದು ಮಗಳ ಬಾಜೂಕ ಕುಂತ ಮಾತಾಡ್ತದ."

ಈ ಸಲ ಜೈನಬ್‌ಗೆ ಕರೆ ಮಾಡಲಿಲ್ಲ. ನಾನೇ ಹತ್ತಿ ಕೇಳಿ ತೆಗೆದುಕೊಂಡು, ಎರಡೂ ಕಿವಿಗೆ ಇಟ್ಟುಕೊಂಡು ಪರದೆಯ ಮುಂದೆ ಕೂತೆ. ಗೆಳತಿಯ ಕೈ ಎದ್ದಿತು, ತಿರುಗಿತು, ಬೆರಳು ಬಿಡಿಸಿತು, ಇಳಿಯಿತು. ಎಲ್ಲೂ ನಿಲ್ಲಲಿಲ್ಲ. ಅರ್ಧ ಗಂಟೆ ನೋಡಿದೆ. ಒಂದು ಮಾತೂ ತಿಳಿಯಲಿಲ್ಲ, ಆದರೆ ಒಂದು ಮಾತೂ ತಪ್ಪಲಿಲ್ಲ.

ಸೋಮವಾರ ರಜೆ ಹಾಕಿ ಹೋದೆ. ಬೆಳಿಗ್ಗೆ ಹತ್ತಕ್ಕೆ ಪಾಠ. ನೀಲಮ್ಮ, ಗೌಡರು, ನಾನು ಮೂವರೂ ಕೋಣೆಯ ಮೂಲೆಯಲ್ಲಿ ನಿಂತೆವು. ಪರದೆಯಲ್ಲಿ ಎಂಟು ಚೌಕ, ಎಂಟು ಮಕ್ಕಳು, ಹಿಂದೆ ತಾಯಂದಿರು. ಒಂಬತ್ತನೆಯ ಚೌಕದಲ್ಲಿ ಹೆಡ್‌ಬಾಯಿ, ಮುಖದಲ್ಲಿ ನಗುವಿಲ್ಲ. ಅವತ್ತಿನ ಪಾಠ ರೊಟ್ಟಿ. ಮಹಾದೇವಿ ಎರಡೂ ಅಂಗೈಯಿಂದ ರೊಟ್ಟಿ ಬಡಿದು ತೋರಿಸಿದಳು. ಎಂಟೂ ಮಕ್ಕಳು ಬಡಿದವು. ಜೇವರ್ಗಿ ಕಡೆಯ ಹಳದಿ ಅಂಗಿಯ ಹುಡುಗಿಯೊಬ್ಬಳು ಬಡಿದದ್ದನ್ನು ಹೆಂಚಿಗೆ ಹಾಕಿ, ಕೈ ಸುಟ್ಟಿತೆಂದು ಬೆರಳು ಊದಿಕೊಂಡಳು.

ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಕರೆಂಟು ಹೋಗಿತ್ತು. ನೀಲಮ್ಮ ನನ್ನ ತೋಳು ಹಿಡಿದುಕೊಂಡರು. ಮೂವರೂ ಫ್ಯಾನು ನೋಡಿ ಪರದೆ ನೋಡಿದೆವು. ಹಳದಿ ಅಂಗಿಯ ಹುಡುಗಿ ಇನ್ನೂ ಬೆರಳು ಊದುತ್ತಲೇ ಇದ್ದಳು. ಮಹಾದೇವಿ ತಿರುಗಿಯೂ ನೋಡಲಿಲ್ಲ.

ಪಾಠ ಮುಗಿದ ಮೇಲೆ ಹೆಡ್‌ಬಾಯಿಯ ಕೈಗಳು ಆಡಿದವು. ಬಹಳ ಹೊತ್ತು. ನೀಲಮ್ಮ ನನ್ನ ಕಿವಿಯಲ್ಲಿ, "ಏನಂದ್ರು ಸಾಬ್ರ? ಏನಂದ್ರು?" ಎಂದರು. "ನನಗೇನ ತಿಳೀತದ್ರಿ ಅಕ್ಕಾರ," ಅಂದೆ. ಕಿವಿ ಇದ್ದ ಮೂವರೂ ಏನೂ ತಿಳಿಯದೆ ಪಿಳಿಪಿಳಿ ನೋಡುತ್ತಿದ್ದೆವು. ಮಹಾದೇವಿ ತಿರುಗಿ, ನೋಟುಬುಕ್ಕಿನಲ್ಲಿ ಬರೆದು, ತಂದೆಯ ಕೈಗೆ ಕೊಟ್ಟಳು. ಗೌಡರು ಜೋರಾಗಿ ಓದಿದರು: "ಜೂನ್‌ನಿಂದ ಕಾಯಂ. ಇನ್ನೂ ಆರು ಮಕ್ಕಳನ್ನು ಕೊಡುತ್ತಾರೆ." ಓದುತ್ತ ಓದುತ್ತ ಅವರು ಕಣ್ಣು ಒರೆಸಿಕೊಂಡರು. ಅವತ್ತು ಮೆಣಸಿನಕಾಯಿ ಏನೂ ಇರಲಿಲ್ಲ.

ಪರದೆಯಲ್ಲಿ ಮಕ್ಕಳು ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದವು, ಮೂಲೆಯಲ್ಲಿ ನಿಂತ ಬಿಳಿ ಗಡ್ಡದ ಅಜ್ಜ ಯಾರು ಅಂತ. ಮಹಾದೇವಿ ಕೈಯಿಂದಲೇ ಇಡೀ ಕಥೆ ಹೇಳಿದಳು. ಹತ್ತಿಯ ಜಾಗ ಬಂದಾಗ ನನಗೂ ತಿಳಿಯಿತು. ಹಳದಿ ಅಂಗಿಯ ಹುಡುಗಿ ಬಿದ್ದು ಬಿದ್ದು ನಕ್ಕು, ಎರಡೂ ತೋರುಬೆರಳನ್ನು ಎರಡೂ ಕಿವಿಗೆ ತುರುಕಿಕೊಂಡು ನನ್ನನ್ನು ನೋಡಿದಳು. ಉಳಿದ ಏಳೂ ಮಕ್ಕಳು ಹಾಗೇ ಮಾಡಿದವು. ಹೆಡ್‌ಬಾಯಿ ಕೂಡ ಮಾಡಿದರು.

ಅಣಕಿಸುತ್ತಿವೆ ಅಂದುಕೊಂಡೆ. ಮಹಾದೇವಿ ಬರೆದು ತೋರಿಸಿದಳು: "ಅಣಕವಲ್ಲ ಕಾಕಾ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಕೈಯಲ್ಲಿ ಒಂದು ಹೆಸರು ಇರುತ್ತದೆ. ನಮಗೆ ಬೇಕಾದವರಿಗೆ ನಾವೇ ಇಡುತ್ತೇವೆ. ಇದು ನಿಮ್ಮ ಹೆಸರು."

ಆಮೇಲೆ ಕೆಲವು ತಿಂಗಳಿಗೆ ನಾನು ನಿವೃತ್ತನಾದೆ. ಹಾರ ಹಾಕಿದರು, ನಾಲ್ಕು ಮಾತಾಡಿದರು. ಮನೆಗೆ ಬಂದ ಮೇಲೆ ಜೈನಬ್ ಕೇಳಿದ್ದು ಕೊತ್ತಂಬರಿಯನ್ನೇ.

ಮೊನ್ನೆ ಗಾಣಗಾಪುರದ ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಿದ್ದೆ. ದೇವರ ದರ್ಶನಕ್ಕೆ ಬಂದ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಎದುರಿಗೆ ಹೋಗುತ್ತಿದ್ದಳು. ಹುಡುಗಿ ನನ್ನನ್ನು ನೋಡಿದವಳೇ ನಿಂತಳು. ಅಜ್ಜಿಯ ಕೈ ಬಿಡಿಸಿಕೊಂಡು, ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಮುಖ ತುಂಬ ನಗುತ್ತ ನನ್ನ ಮುಂದೆ ಬಂದು ನಿಂತಳು. ರೊಟ್ಟಿ ಬಡಿದು ಬೆರಳು ಊದಿಕೊಂಡ ಹುಡುಗಿಯೇ, ಈಗ ಸ್ವಲ್ಪ ಎತ್ತರವಾಗಿದ್ದಳು, ಅಂಗಿ ಹಳದಿಯಲ್ಲ, ಹಸಿರು.

ಅಜ್ಜಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂತು. ಹುಡುಗಿಯ ಕೈ ಹಿಡಿದು ಕೆಳಗೆಳೆಯುತ್ತ, "ದೊಡ್ಡವರ ಮುಂದ ಹಿಂಗ ಮಾಡ್ತಾರೇನ ಬೇ? ತಪ್ಪ ತಿಳಕೋಬ್ಯಾಡ್ರಿ ಸಾಬ್ರ, ಮಾತ ಬರಲಾರದ ಕೂಸು," ಎಂದಳು.

"ಬೈಬ್ಯಾಡ್ರಿ ತಾಯಿ," ಎಂದೆ, ನನ್ನ ಎರಡೂ ಬೆರಳು ಕಿವಿಗೆ ಇಟ್ಟುಕೊಳ್ಳುತ್ತ. "ಕೂಸಿಗಿ ಮಾತ ಬರ್ತದ. ನನ್ನ ಹೆಸರ ಹಿಡದು ಕರ್ಯಾಕತ್ತಾಳ."